ಹೂಂ ಅಂದರೆ ಸಾಲದು

ಆ ದನಿ ಕಿವಿಗೆ ಬಿದ್ದರೆ ಸಾಕು, ಹೆಡ್‌ಫೋನು ಕಿತ್ತೆಸೆದು ಕಿವಿ ತೊಳೆದುಕೊಂಡು ಬರಬೇಕು ಅನ್ನಿಸುತ್ತಿತ್ತು ರಂಜಿನಿಗೆ. "ಹಲೋ ಮೇಡಂ ಜೀ" ಅಂತ ಬೆಲ್ಲದ ಪಾಕದಂತೆ ಎಳೆದೆಳೆದು ಶುರುಮಾಡುವ ಗಂಡಸು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮುಖ ಕಂಡಿಲ್ಲ. ಗೊತ್ತಿದ್ದದ್ದು ಅವನ ವಿಮಾನದ ಹೆಸರೊಂದೇ: ಸ್ಕೈಕಿಂಗ್ ಸೆವೆನ್ ಸೆವೆನ್.

ವಿಮಾನ ಅಂದರೆ ನಿಜದ್ದೇನಲ್ಲ. ಅದು ಎರಡು ಸಾವಿರದ ಏಳನೇ ಇಸವಿ. ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಇನ್ನೂ ಕಾಂಕ್ರೀಟು ಸುರಿಯುತ್ತಿದ್ದರು, ನಿಜವಾದ ವಿಮಾನಗಳು ಹಳೇ ಏರ್‌ಪೋರ್ಟಿನಿಂದಲೇ ಏರುತ್ತಿದ್ದವು. ರಂಜಿನಿ ಕೂರುತ್ತಿದ್ದದ್ದು ವಿಜಯನಗರದ ತನ್ನ ಮನೆಯಲ್ಲಿ, ಬೀದಿ ಕಡೆ ಕಿಟಕಿಯಿರುವ ಚಿಕ್ಕ ರೂಮಿನ ಕಂಪ್ಯೂಟರಿನ ಮುಂದೆ. ಇಂಟರ್ನೆಟ್ಟಿನಲ್ಲಿ ದೇಶದೇಶಗಳ ಜನ ತಂತಮ್ಮ ಮನೆಯಲ್ಲೇ ಕೂತು ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುತ್ತಾರೆ. ಇನ್ನು ಕೆಲವರು ಅವರಿಗೆ ಕಂಟ್ರೋಲರುಗಳಾಗಿ ಕೂತು, ಯಾರು ಯಾವಾಗ ಹೊರಡಬೇಕು, ಎಷ್ಟು ಎತ್ತರಕ್ಕೆ ಏರಬೇಕು ಅಂತ ಮೈಕಿನಲ್ಲಿ ಹೇಳುತ್ತಾರೆ. ವಿಮಾನ ಸುಳ್ಳು, ಆದರೆ ಆಡುವ ಮಾತಿನ ನಿಯಮ ನಿಜವಾದ ರೇಡಿಯೋದ್ದೇ.

ಇದನ್ನೆಲ್ಲ ಮನೆಗೆ ತಂದವರು ಕಿಟ್ಟಿ ಭಾವ, ಅಕ್ಕ ಕಲಾವತಿಯ ಗಂಡ. ಮದುವೆಯಾದಾಗಿನಿಂದ ಅಕ್ಕ ಭಾವ ಇದೇ ಮನೆಯ ಮಹಡಿಯಲ್ಲಿದ್ದರು. ಮಾತಿಗೊಂದು ನಗೆ, ಬೇಕರಿಯಿಂದ ಬರುವಾಗ ಕೈಯಲ್ಲೊಂದು ಖಾರಾ ಬನ್ನಿನ ಪೊಟ್ಟಣ. ಇಂಥ ಅಳಿಯ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಅಂತ ಅಮ್ಮ ಲಕ್ಷ್ಮಿದೇವಮ್ಮ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಎಸ್.ಪಿ. ರೋಡಿನಿಂದ ಸಿಮ್ಯುಲೇಟರಿನ ಸಿ.ಡಿ. ತಂದು ಹಾಕಿಕೊಟ್ಟವರು ಅವರೇ. "ನಂಗೆ ಇದಕ್ಕೆಲ್ಲ ತಾಳ್ಮೆ ಇಲ್ಲಮ್ಮ, ನೀನು ಕಲ್ತ್ಕೋ" ಅಂದಿದ್ದರು. ಬ್ರಾಡ್‌ಬ್ಯಾಂಡಿಗೆ ಅಪ್ಪನನ್ನು ಒಪ್ಪಿಸಿದವರೂ ಅವರೇ. ಮಹಡಿಯಲ್ಲಿ ಅವರ ಆಫೀಸಿನ ಲ್ಯಾಪ್‌ಟಾಪಿಗೆ ಬೇರೆಯೇ ಕನೆಕ್ಷನ್ ಇತ್ತು.

ಅಪ್ಪ ದೊಡ್ಡಹನುಮಯ್ಯನವರು ಅತ್ತಿಗುಪ್ಪೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಪೈಪು, ನಲ್ಲಿ, ಬಣ್ಣದ ಡಬ್ಬ ಇವುಗಳನ್ನು ನಂಬಿದಷ್ಟು ಅವರು ಇಂಟರ್ನೆಟ್ಟನ್ನು ನಂಬುತ್ತಿರಲಿಲ್ಲ. ಹುಡುಗಿ ಬಾಗಿಲು ಮುಚ್ಚಿಕೊಂಡು ಮೈಕಿನಲ್ಲಿ ಯಾರ ಜೊತೆಗೋ ಮಾತಾಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

"ನೋಡಮ್ಮ, ಓದೋಕೆ ಅಂತ ಹೇಳಿದೀಯ, ಓದು. ಏನಾದ್ರೂ ಅಸಹ್ಯ ಅಂತ ನನ್ ಕಿವಿಗೆ ಬಿತ್ತು ಅಂದ್ರೆ ಆ ವೈರು ಕಿತ್ತು ಬಿಸಾಕ್ತೀನಿ, ಅಷ್ಟೇ" ಅಂದಿದ್ದರು.

ಓದು ಅಂತ ರಂಜಿನಿ ಹೇಳಿದ್ದು ಸುಳ್ಳಲ್ಲ. ರಾಜಾಜಿನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದ ಅವಳಿಗೆ ನಿಜವಾದ ಏರ್‌ಪೋರ್ಟಿನ ಟವರಿನಲ್ಲಿ ಕಂಟ್ರೋಲರಾಗಿ ಕೂರಬೇಕು ಅನ್ನುವ ಆಸೆ ಹತ್ತಿತ್ತು. ಅಲ್ಲಿಗೆ ಸೇರಬೇಕಾದರೆ ಇಂಟರ್‌ವ್ಯೂನಲ್ಲಿ ದನಿಯನ್ನೂ ಪರೀಕ್ಷೆ ಮಾಡುತ್ತಾರಂತೆ. ಅವಳಿಗೆ ಅಭ್ಯಾಸಕ್ಕೆ ಇದ್ದದ್ದು ಈ ಒಂದು ವೈರು.

ಮೊದಮೊದಲು ಅವಳೂ ಪೈಲಟ್ಟಾಗಿಯೇ ಶುರುಮಾಡಿದ್ದಳು. ಮೋಡದೊಳಗೆ ಹೊಕ್ಕ ಪೈಲಟ್ಟಿಗೆ ಹೊರಗಿನದು ಏನೂ ಕಾಣುವುದಿಲ್ಲ. ಆಗ ಅವನ ಕಣ್ಣು ಅಂದರೆ ಎದುರಿನ ಮುಳ್ಳುಗಳು, ತೊಡೆಯ ಮೇಲಿನ ನಕ್ಷೆ. ರನ್‌ವೇ ಬಿಟ್ಟ ಮೇಲೆ ಎಲ್ಲಿಯವರೆಗೆ ನೇರ ಏರಬೇಕು, ಎಷ್ಟು ಎತ್ತರ ಮುಟ್ಟುವ ತನಕ ತಿರುಗಬಾರದು, ಆಮೇಲೆ ನೆಲದ ಮೇಲಿನ ಯಾವ ರೇಡಿಯೋ ಬೀಕನ್ನಿನ ಕಡೆ ಮೂತಿ ಮಾಡಬೇಕು ಅನ್ನುವುದನ್ನೆಲ್ಲ ಒಂದೊಂದು ಹೆಸರಿಟ್ಟು ಮೊದಲೇ ಬರೆದಿಟ್ಟಿರುತ್ತಾರೆ. ಅದಕ್ಕೆ ಡಿಪಾರ್ಚರ್ ಅನ್ನುತ್ತಾರೆ. ರಂಜಿನಿ ಆ ನಕ್ಷೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ಗೋಡೆಗೆ ಅಂಟಿಸಿದಾಗ, "ಯಾವ್ ರಂಗೋಲಿನೇ ಇದು, ಚುಕ್ಕಿನೇ ಸರಿಯಾಗಿಲ್ಲ" ಅಂದಿದ್ದಳು ಅಮ್ಮ.

ಒಂದು ದಿನ ಅವಳು ಅವಸರಪಟ್ಟು ಬೇಗ ತಿರುಗಿಬಿಟ್ಟಳು. ಅವತ್ತು ಕಂಟ್ರೋಲರಾಗಿ ಕೂತಿದ್ದವರು ಬೆಳಗಾವಿಯ ಅಮೀನಪ್ಪ. ಯಾವ ಡಿಪಾರ್ಚರ್ ಹೇಳಿದ್ದೆ ಅಂತ ಅವರು ಇಂಗ್ಲಿಷಿನಲ್ಲಿ ಕೇಳಿದರೆ ಇವಳು "ಹೂಂ ಸಾರ್" ಅಂದಳು. ಆ ಕಡೆಯಿಂದ ಕನ್ನಡ ಬಂತು.

"ನೀ ಅಲ್ಲಿ ತಲಿ ಅಲ್ಲಾಡಿಸಿದ್ರ ಇಲ್ಲಿ ನನಗ ಕಾಣೂದಿಲ್ಲ ತಂಗಿ. ನಾ ಹೇಳಿದ್ದನ್ನ ಹೊಳ್ಳಿ ಹೇಳು. ಕಡೀಕ ನಿನ್ನ ವಿಮಾನದ ಹೆಸರು ಹೇಳು, ಯಾರು ಮಾತಾಡಾಕತ್ತಾರ ಅನ್ನೂದು ನನಗ ತಿಳೀಬೇಕು. ಹೂಂ ಅಂದ್ರ ಸಾಲೂದಿಲ್ಲ."

ಆ ಮಾತು ಅವಳಿಗೆ ಬಹಳ ಹಿಡಿಸಿಬಿಟ್ಟಿತು. ಈ ಊರಿನಲ್ಲಿ ಯಾರನ್ನು ಏನು ಕೇಳಿದರೂ ಹೂಂ, ಆಯ್ತು, ನೋಡೋಣ. ಪ್ಲಂಬರ್ ಹೂಂ ಅನ್ನುತ್ತಾನೆ, ಬರುವುದಿಲ್ಲ. ಕಾಲೇಜಿನ ಗುಮಾಸ್ತ ಹೂಂ ಅನ್ನುತ್ತಾನೆ, ಕೆಲಸ ಆಗುವುದಿಲ್ಲ. ಎಲ್ಲರೂ ಕೋಲೆ ಬಸವಗಳೇ, ತಲೆ ಆಡಿಸುವುದೊಂದು ಗೊತ್ತು. ಕೇಳಿಸಿಕೊಂಡದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಹೇಳಿದವರು ತಮ್ಮ ಹೆಸರೂ ಹೇಳಬೇಕು ಅನ್ನುವ ಜಾಗವೊಂದು ಲೋಕದಲ್ಲಿದೆ ಅನ್ನುವುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು. ತಿಂಗಳುಗಟ್ಟಲೆ ಅಮೀನಪ್ಪನವರ ಹತ್ತಿರ ಕಲಿತಳು. ಆಮೇಲೆ ಅವರ ಶಿಷ್ಯೆಯಾಗಿ ತಾನೂ ಕಂಟ್ರೋಲರಾಗಿ ಕೂತಳು. ಗಲೀಜು ಶುರುವಾದದ್ದೇ ಆವಾಗ.

ಮೈಕಿನಲ್ಲಿ ಹೆಣ್ಣು ದನಿ ಬಂದದ್ದೇ ತಡ, ಅಲ್ಲಿಯ ತನಕ ನೆಟ್ಟಗೆ ಮಾತಾಡುತ್ತಿದ್ದ ಗಂಡಸರಿಗೆ ಏನೋ ಆಗಿಬಿಡುತ್ತಿತ್ತು. ಎಪ್ಪತ್ತು ಟನ್ನಿನ ವಿಮಾನ ರನ್‌ವೇ ಮೇಲೆ ನಿಲ್ಲಿಸಿಕೊಂಡು "ಮೇಡಂ ಯಾವೂರು" ಅಂತ ಕೇಳುವವನೊಬ್ಬ. ಇಳಿಯಲು ಅನುಮತಿ ಕೊಟ್ಟರೆ "ಥ್ಯಾಂಕ್ಯೂ ಡಿಯರ್" ಅನ್ನುವವನೊಬ್ಬ. ಇವರೆಲ್ಲ ಹಗಲು ಹೊತ್ತು ಆಫೀಸಿಗೆ ಹೋಗುವವರು, ಹೆಂಡತಿ ಮಕ್ಕಳಿರುವವರು. ಒಂದು ಮೈಕು ಸಿಕ್ಕಿದ್ದೇ ಸಾಕು, ಎಲ್ಲರ ಜೊಲ್ಲೂ ತಂತಿಗುಂಟ ಹರಿದು ಬರುತ್ತಿತ್ತು. ಥೂ.

ಅವರೆಲ್ಲರಿಗೂ ಮೇಲಿನವನು ಸ್ಕೈಕಿಂಗ್ ಸೆವೆನ್ ಸೆವೆನ್. ಭಾನುವಾರ ಬಂತೆಂದರೆ ಹಾಜರು. ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಮೂಗಿನಿಂದ ಮಾತಾಡುತ್ತಿದ್ದ. ಮೈಕು ಹಿಡಿದೇ ಮುತ್ತಿಕ್ಕುವ ಸದ್ದು ಮಾಡುತ್ತಿದ್ದ. ಯಾರಿಗೂ ಕಾಣದ ಹಾಗೆ ಅವಳೊಬ್ಬಳಿಗೇ ಮೆಸೇಜು ಹಾಕುತ್ತಿದ್ದ. ಬೆಳ್ಳಗಿದ್ದೀಯಾ ಕಪ್ಪಗಿದ್ದೀಯಾ, ಕಾಲು ಮಡಿಚಿ ಕೂತಿದ್ದೀಯಾ ಚಾಚಿ ಕೂತಿದ್ದೀಯಾ, ಇಂಥವು. ಒಂದು ಸಲವಂತೂ, ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡಿದ್ದೀಯಲ್ಲ ಅಂತ ಬರೆದಿದ್ದ. ರಂಜಿನಿಯ ಕೈ ತಾನಾಗಿ ಕೂದಲಿಗೆ ಹೋಗಿತ್ತು, ಕೂದಲು ಒದ್ದೆಯಿತ್ತು. ಭಾನುವಾರ ಯಾರು ತಾನೇ ತಲೆಗೆ ಹಾಕಿಕೊಳ್ಳುವುದಿಲ್ಲ, ಕುರುಡು ಊಹೆ ಇರಬೇಕು ಅಂತ ಸಮಾಧಾನ ಮಾಡಿಕೊಂಡಳು. ಆದರೂ ಎದ್ದು ಹೋಗಿ ಮತ್ತೊಮ್ಮೆ ಸ್ನಾನ ಮಾಡಿ ಬಂದಳು.

ಅಪ್ಪನಿಗೆ ಹೇಳಿದರೆ ವೈರು ಹೋಗುತ್ತದೆ. ಹೊಲಸು ಮಾಡಿದವನು ಎಲ್ಲಿಯೋ ಆರಾಮವಾಗಿರುತ್ತಾನೆ, ಕಿತ್ತು ಬಿಸಾಕುವುದು ಇವಳ ವೈರನ್ನು. ಈ ಲೆಕ್ಕ ನೆನೆಸಿಕೊಂಡಾಗಲೆಲ್ಲ ಅವಳಿಗೆ ಆ ಹಲ್ಕಾ ದನಿಗಿಂತ ಹೆಚ್ಚಾಗಿ ಲೋಕದ ಮೇಲೇ ಅಸಹ್ಯವಾಗುತ್ತಿತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಕೊನೆಗೆ ಅಮೀನಪ್ಪನವರು ಟವರ್ ಕಂಟ್ರೋಲರ್ ಪರೀಕ್ಷೆಗೆ ಒಂದು ಭಾನುವಾರ ಮಧ್ಯಾಹ್ನ ಗೊತ್ತುಮಾಡಿದರು. ಅವರು ಸುಮ್ಮನೆ ಕೇಳುತ್ತಿರುತ್ತಾರೆ, ಇವಳು ಬೆಂಗಳೂರು ಟವರ್ ನಡೆಸಬೇಕು. ಆ ದಿನ ಬೆಳಿಗ್ಗೆ ಅಪ್ಪನೂ ಷರತ್ತು ಹಾಕಿದರು.

"ಪಾಸಾದ್ರೆ ವೈರು ಇರ್ಲಿ, ಆ ಕೆಲಸಕ್ಕೆ ಅರ್ಜಿನೂ ಹಾಕು. ಫೇಲಾದ್ರೆ ಮಾತ್ರ ಈ ಆಟ ಇವತ್ತಿಗೆ ಮುಗೀತು."

"ಪಾಸಾಗ್ತಾಳೆ ಬಿಡಿ ಮಾವ, ನಮ್ ಹುಡುಗಿ" ಅಂತ ಕಿಟ್ಟಿ ಭಾವ ಖಾರಾ ಬನ್ನು ಕೊಟ್ಟು ಬೆನ್ನು ತಟ್ಟಿದರು. ಊಟವಾದ ಮೇಲೆ, ಆಫೀಸಿನ ಕಾನ್ಫರೆನ್ಸ್ ಕಾಲ್ ಇದೆ, ಯಾರೂ ಮೇಲೆ ಬಂದು ಗಲಾಟೆ ಮಾಡಬೇಡಿ ಅಂತ ಹೇಳಿ ಮಹಡಿ ಹತ್ತಿದರು. ಭಾನುವಾರವೂ ದುಡಿಯುವ ಅಳಿಯನನ್ನು ಕಂಡು ಅಮ್ಮ ಲೊಚಗುಟ್ಟಿದಳು.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಹೊರಡುವ ವಿಮಾನಕ್ಕೆ ಎಲ್ಲಿಗೆ, ಯಾವ ಡಿಪಾರ್ಚರ್, ಎಷ್ಟು ಎತ್ತರ, ರಡಾರಿನಲ್ಲಿ ಗುರುತಿಗೆ ಯಾವ ಕೋಡು ನಂಬರು ಅಂತ ಅದೇ ಕ್ರಮದಲ್ಲಿ ಹೇಳಬೇಕು. ಪೈಲಟ್ಟು ಅದನ್ನೇ ತಿರುಗಿ ಹೇಳಬೇಕು, ಅದು ಸರಿಯಿದೆಯೋ ಅಂತ ಇವಳು ಕಿವಿಗೊಟ್ಟು ನೋಡಬೇಕು. ಒಬ್ಬ ಕೋಡಿನಲ್ಲಿ ಒಂದು ಅಂಕಿ ತಪ್ಪಿದ, ಹಿಡಿದಳು. ಇನ್ನೊಬ್ಬ ಎತ್ತರ ನುಂಗಿದ, ಕಕ್ಕಿಸಿದಳು. ದನಿ ನಡುಗಲಿಲ್ಲ.

ಆಗ ಬಂತು. "ಹಲೋ ಮೇಡಂ ಜೀ. ಸ್ಕೈಕಿಂಗ್ ಸೆವೆನ್ ಸೆವೆನ್. ಚೆನ್ನೈ ಜಾನಾ ಹೈ."

ಅವಳು ಬೇರೆಯವರಿಗೆ ಹೇಳಿದ ಹಾಗೇ ಚೆನ್ನೈ, ಡಿಪಾರ್ಚರ್, ಎತ್ತರ, ಕೋಡು ಎಲ್ಲ ಹೇಳಿ ಮುಗಿಸಿದಳು.

"ರೋಜರ್, ರೋಜರ್. ವಾಟ್ ಎ ಸ್ವೀಟ್ ವಾಯ್ಸ್."

ರೋಜರ್ ಅಂದರೆ ಕೇಳಿಸಿತು ಅಂತ ಅಷ್ಟೇ. ರೇಡಿಯೋದ ಹೂಂ ಅದು. "ನೆಗೆಟಿವ್. ರೀಡ್ ಬ್ಯಾಕ್" ಅಂದಳು, ಅದು ಸಾಲದು, ತಿರುಗಿ ಹೇಳು ಅಂತ. ಅವನು ನಕ್ಕ. ಮತ್ತೆ ಅಂದಳು. ಅವನು ಆ ಮುತ್ತಿನ ಸದ್ದು ಮಾಡಿದ. ಸಾಲಿನಲ್ಲಿದ್ದ ಮಿಕ್ಕ ಪೈಲಟ್ಟುಗಳು ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ಒಬ್ಬರೂ ಉಸಿರೆತ್ತಲಿಲ್ಲ. ಅಮೀನಪ್ಪನವರೂ ಎತ್ತಲಿಲ್ಲ. ಅದು ಪರೀಕ್ಷೆ, ಅವಳೇ ನಿಭಾಯಿಸಬೇಕು.

"ಸ್ಕೈಕಿಂಗ್ ಸೆವೆನ್ ಸೆವೆನ್, ಹೋಲ್ಡ್ ಪೊಸಿಷನ್." ಇದ್ದಲ್ಲೇ ಇರು. ತಿರುಗಿ ಹೇಳುವ ತನಕ ಅವನ ವಿಮಾನ ಒಂದಿಂಚು ಕದಲುವ ಹಾಗಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಕಳಿಸುತ್ತಾ ಹೋದಳು. ಅವನು ನಡುನಡುವೆ ಮೈಕು ಒತ್ತಿ ಏನಾದರೂ ಒಂದು ಹೊಲಸು ಉದುರಿಸುತ್ತಾ ನಿಂತಿದ್ದ.

ಅಷ್ಟರಲ್ಲಿ ಬೀದಿಗೆ ಕೋಲೆ ಬಸವನವನು ಬಂದ. ಭಾನುವಾರಗಳಲ್ಲಿ ಅವನು ಹಾಗೆ ಬರುವುದುಂಟು. ಬೆನ್ನ ಮೇಲೆ ಬಣ್ಣದ ಬಟ್ಟೆ ಹೊದ್ದ ಎತ್ತು, ಕೈಯಲ್ಲಿ ನಾದಸ್ವರ. ಗೇಟಿನ ಮುಂದೆ ನಿಂತು ಊದಿದ. ಇದೊಳ್ಳೆ ಹೊತ್ತಿಗೆ ಬಂದನಲ್ಲ ಅಂತ ರಂಜಿನಿ ಕಿಟಕಿ ಮುಚ್ಚಲು ಕೈ ಚಾಚಿದಳು. ಅದೇ ಹೊತ್ತಿಗೆ ಸ್ಕೈಕಿಂಗ್ ಮೈಕು ಒತ್ತಿದ. ಅವನ ದನಿಯ ಹಿಂದೆ ಹೆಡ್‌ಫೋನಿನಲ್ಲಿ ನಾದಸ್ವರ ಕೇಳಿಸಿತು.

ಅವಳ ಕೈ ಅಲ್ಲೇ ನಿಂತಿತು. ತನ್ನ ಕಿಟಕಿಯ ಸದ್ದೇ ಇರಬೇಕು ಅಂದುಕೊಂಡಳು. ಆದರೆ ಹೆಡ್‌ಫೋನಿನಲ್ಲಿ ಅದು ಸ್ವಲ್ಪ ಹಿಂದಾಗಿ ಬರುತ್ತಿತ್ತು, ಅವನು ಮೈಕು ಬಿಟ್ಟ ಕೂಡಲೇ ನಿಲ್ಲುತ್ತಿತ್ತು. ಊರಲ್ಲಿ ಕೋಲೆ ಬಸವ ಒಂದೇ ಇದೆಯೇ? ಇನ್ನೆಲ್ಲೋ ಇನ್ನೊಂದು ಊದುತ್ತಿರಬಹುದು. ಅವನು ಮತ್ತೆ ಮೈಕು ಒತ್ತಿ, ಮುನಿಸೇ ಮೇಡಂ ಅಂತ ಹಿಂದಿಯಲ್ಲಿ ರಾಗ ತೆಗೆದ. ಗೇಟಿನ ಹತ್ತಿರ ಅಮ್ಮ ಕೂಗಿದಳು:

"ಕಲಾ, ಬಸವಣ್ಣ ಬಂದಿದಾನೆ, ಮೊರದಲ್ಲಿ ಅಕ್ಕಿ ತಗೊಂಬಾರೇ!"

ಕಿಟಕಿಯಿಂದ ಬಂದ ಅಮ್ಮನ ಕೂಗು, ಅದರ ಬೆನ್ನಿಗೇ ಹೆಡ್‌ಫೋನಿನಲ್ಲೂ ಬಂತು. ಸ್ಕೈಕಿಂಗ್ ಸೆವೆನ್ ಸೆವೆನ್‌ನ ಮೈಕಿನಿಂದ, ತನ್ನ ತಾಯಿಯ ದನಿ. ಅದಾದ ಮೇಲೆ, ಬಾಗಿಲಾಚೆಯಿಂದ ಬಂದ ಹಾಗೆ, ಅಕ್ಕನದು: "ಬಂದೆ ಅಮ್ಮಾ."

ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದವರು ಒಬ್ಬರೇ, ಬೆಳಿಗ್ಗೆ ಖಾರಾ ಬನ್ನು ಕೊಟ್ಟ ಭಾವ. ಆ ಕೈ ಬೆನ್ನು ತಟ್ಟಿತ್ತು. ಒದ್ದೆ ಕೂದಲು ಊಹೆಯಲ್ಲ, ಮೆಟ್ಟಿಲಿಳಿಯುತ್ತಾ ನೋಡಿದ್ದು. ವೈರು ಹಾಕಿಸಿದ್ದು ಇದಕ್ಕೇ ಏನು? ಅಲ್ಲಿಯ ತನಕ ಅವಳ ಮನಸ್ಸಿನಲ್ಲೂ ಬಹುವಚನದಲ್ಲಿದ್ದ ಭಾವ ಆ ಗಳಿಗೆಯಲ್ಲಿ ಏಕವಚನಕ್ಕೆ ಬಿದ್ದ. ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಚಪ್ಪಲಿಯಿಲ್ಲದೆ ಮೋರಿಗೆ ಕಾಲಿಟ್ಟ ಹಾಗಾಯಿತು.

ಎದ್ದುಬಿಡಬಹುದಿತ್ತು. ಎದ್ದರೆ ಪರೀಕ್ಷೆ ಹೋಯಿತು, ವೈರೂ ಹೋಯಿತು, ಗೆಲ್ಲುವವನು ಅವನೇ. ಅವಳು ನೀರು ಕುಡಿದು ಮೈಕು ಒತ್ತಿದಳು. ತಪ್ಪು ಮಾಡಿದ ಪೈಲಟ್ಟಿಗೆ ಅಮೆರಿಕದ ಕಂಟ್ರೋಲರುಗಳು ಫೋನ್ ನಂಬರು ಕೊಡುತ್ತಾರೆ, ಇಳಿದ ಮೇಲೆ ಅದಕ್ಕೆ ಫೋನು ಮಾಡಿ ಬೈಸಿಕೊಳ್ಳಬೇಕು ಅಂತ ಅವಳು ಓದಿದ್ದಳು.

"ಸ್ಕೈಕಿಂಗ್ ಸೆವೆನ್ ಸೆವೆನ್, ಕಾಪಿ ಎ ಫೋನ್ ನಂಬರ್" ಅಂದಳು, ಅದೇ ಸಪಾಟು ದನಿಯಲ್ಲಿ.

"ಓಹೋ! ನಂಬರ್ ಭೀ ದೇಂಗೀ?" ಅವನಿಗೆ ಸ್ವರ್ಗವೇ ಸಿಕ್ಕಿತ್ತು.

ಅವಳು ತಮ್ಮ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಒಂದೊಂದೇ ಅಂಕಿಯಾಗಿ, ರೇಡಿಯೋದಲ್ಲಿ ಹೇಳುವ ಕ್ರಮದಲ್ಲೇ ಹೇಳುತ್ತಾ ಬಂದಳು. ಕೊನೆಯ ಎರಡು ಅಂಕಿ ಉಳಿಸಿಕೊಂಡು ನಿಲ್ಲಿಸಿದಳು.

"ರೆಸ್ಟ್ ಆಫ್ ದ ನಂಬರ್ ಯು ನೋ. ರೀಡ್ ಬ್ಯಾಕ್."

ಹೊರಗೆ ಬಸವ ಗಂಟೆ ಅಲ್ಲಾಡಿಸಿಕೊಂಡು ಮುಂದಿನ ಮನೆಗೆ ಹೋಯಿತು. ಮಹಡಿಯಲ್ಲಿ ಕುರ್ಚಿ ಸರಿದ ಸದ್ದಾಯಿತು, ಪರದೆಯ ಮೇಲಿಂದ ಸ್ಕೈಕಿಂಗ್ ಸೆವೆನ್ ಸೆವೆನ್ ಮಾಯವಾಯಿತು. ರಂಜಿನಿ ಮುಂದಿನ ವಿಮಾನವನ್ನು ಕರೆದಳು.

ಎಲ್ಲ ಮುಗಿದ ಮೇಲೆ ಅಮೀನಪ್ಪನವರು ಬಾಯಿ ಬಿಟ್ಟರು. "ಪಾಸಾದಿ ತಂಗಿ. ಆ ಫೋನ್ ನಂಬರ್ ನಮ್ಮ ಪುಸ್ತಕದಾಗಿಲ್ಲ, ಮುಂದ ಹಂಗ ಮಾಡಬ್ಯಾಡ. ಉಳಿದಿದ್ದೆಲ್ಲಾ ಬರೋಬ್ಬರಿ ಐತಿ." ಆಮೇಲೆ ಕೇಳಿದರು, "ಅವ ನಿನಗ ಗೊತ್ತಿದ್ದಾವೇನ?"

"ಗೊತ್ತು ಅಂತ ಅಂದ್ಕೊಂಡಿದ್ದೆ ಸಾರ್" ಅಂದಳು.

ಹಾಲಿಗೆ ಬಂದರೆ ಕಾಫಿಯ ಹೊತ್ತು. ಅಪ್ಪ ಕುರ್ಚಿಯಲ್ಲಿದ್ದರು, ಅಮ್ಮ ತಟ್ಟೆಗೆ ನಿಪ್ಪಟ್ಟು ಹಾಕುತ್ತಿದ್ದಳು, ಅಕ್ಕ ಲೋಟಗಳನ್ನು ಹಿಡಿದು ಅಡಿಗೆಮನೆಯ ಬಾಗಿಲಲ್ಲಿದ್ದಳು. ಕಿಟ್ಟಿ ಕೂಡ ಕೆಳಗೆ ಬಂದು ಕೂತಿದ್ದ. ತಲೆ ಬಾಚಿ, ಮುಖ ತೊಳೆದು, ಹಣೆಗೆ ವಿಭೂತಿ ಬೇರೆ ಇಟ್ಟುಕೊಂಡಿದ್ದ. ನಾಚಿಕೆ ಅನ್ನುವುದು ಇದ್ದಿದ್ದರೆ ಕೋಣೆಯಲ್ಲೇ ಇರುತ್ತಿದ್ದ. ಈ ಹುಡುಗಿ ಬಾಯಿ ಬಿಡುವುದಿಲ್ಲ, ಬಿಟ್ಟರೆ ಅವಳ ವೈರೇ ಹೋಗುವುದು ಅನ್ನುವ ಲೆಕ್ಕ ಅವನಿಗೂ ಗೊತ್ತಿತ್ತು.

"ಏನಮ್ಮಾ ರಂಜು, ಎಕ್ಸಾಮ್ ಹೆಂಗಾಯ್ತು?" ಅಂದ. ಬೆಲ್ಲದ ಪಾಕ.

"ಪಾಸಾದೆ" ಅಂತ ಅವಳು ಅಪ್ಪನ ಕಡೆ ತಿರುಗಿ ಹೇಳಿದಳು.

ಅಪ್ಪನ ಮುಖ ಅರಳಿತು. "ಪಾಸ್ ಅಂದ್ರೆ? ಏನ್ ಮಾಡಿದೆ, ನಮ್ಗೂ ಒಸಿ ಗೊತ್ತಾಗೋ ಹಂಗ್ ಹೇಳು."

"ಹೇಳೋದೇನು ಅಪ್ಪ, ಮಾಡೇ ತೋರಿಸ್ತೀನಿ. ಭಾವ ಪೈಲಟ್, ನಾನು ಟವರ್. ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಭಾವ ತಿರುಗಿ ಹೇಳ್ಬೇಕು. ಕೊನೇಲಿ ಅವರ ವಿಮಾನದ ಹೆಸ್ರೂ ಹೇಳ್ಬೇಕು. ಹೂಂ ಅಂದ್ರೆ ಸಾಲ್ದು, ಅದೇ ರೂಲು."

"ಅಯ್ಯೋ, ನಂಗೆಲ್ಲಮ್ಮ ಇದು..." ಕಿಟ್ಟಿ ಎದ್ದೇಳಲು ಹೋದ. "ಕೂತ್ಕೊಳಿ ಅಳಿಯಂದಿರೇ, ಹುಡುಗಿ ಖುಷಿ" ಅಂದರು ಅಪ್ಪ. ಮಾವನ ಮಾತು ಮೀರಲಾರದೆ ಕೂತ.

ರಂಜಿನಿ ಅವನ ಎದುರು ನಿಂತಳು. "ಸ್ಕೈಕಿಂಗ್ ಸೆವೆನ್ ಸೆವೆನ್."

ಅವನ ಕೈಯಲ್ಲಿದ್ದ ನಿಪ್ಪಟ್ಟು ಮುರಿಯಿತು.

"ಸ್ಕೈಕಿಂಗ್ ಸೆವೆನ್ ಸೆವೆನ್, ಇನ್ನು ಮುಂದೆ ಈ ಫ್ರೀಕ್ವೆನ್ಸಿಗೆ ಬರಬೇಡಿ. ಹುಡುಗಿ ದನಿ ಕೇಳಿದಾಗ ಬಾಯಿ ಹದ್ದುಬಸ್ತಿನಲ್ಲಿಡಿ. ತಿರುಗಿ ಹೇಳಿ."

ಅಮ್ಮ ಪಕಪಕ ನಕ್ಕಳು. ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. "ಹೂಂ, ಆಯ್ತಾಯ್ತು" ಅಂದ ಕಿಟ್ಟಿ.

"ಹೂಂ ಅಲ್ಲ ಭಾವ. ತಿರುಗಿ ಹೇಳಿ."

"ಇನ್ನು ಮುಂದೆ ಈ ಫ್ರೀಕ್ವೆನ್ಸಿಗೆ... ಬರಲ್ಲ. ಬಾಯಿ ಹದ್ದುಬಸ್ತಿನಲ್ಲಿ ಇಡ್ತೀನಿ."

"'ಹುಡುಗಿ ದನಿ ಕೇಳಿದಾಗ' ಅನ್ನೋದು ಬಿಟ್ರಿ. ವಿಮಾನದ ಹೆಸ್ರೂ ಬಿಟ್ರಿ. ಮೊದಲಿಂದ ಹೇಳಿ."

ಅವನ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ನೆಲ ನೋಡುತ್ತಾ ಒಂದೊಂದೇ ಮಾತು ಹೇಳಿದ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಹೆಸರು ಬಂತು, ನುಂಗಿದ ಹಾಗೆ: "ಸ್ಕೈಕಿಂಗ್... ಸೆವೆನ್ ಸೆವೆನ್."

ರಂಜಿನಿಗೆ ಅಷ್ಟೇ ಬೇಕಿತ್ತು. ಅಷ್ಟಕ್ಕೇ ನಿಲ್ಲಿಸಬೇಕು, ಅಕ್ಕನ ಸಂಸಾರಕ್ಕೆ ಕೈ ಹಾಕಬಾರದು ಅಂತ ಅವಳು ಗಟ್ಟಿಮಾಡಿಕೊಂಡಿದ್ದಳು. "ರೀಡ್‌ಬ್ಯಾಕ್ ಕರೆಕ್ಟ್" ಅಂದು ತಿರುಗಿದಾಗ ಅಕ್ಕ ಕಂಡಳು. ನಗದೆ ಉಳಿದಿದ್ದವಳು ಆ ಮನೆಯಲ್ಲಿ ಕಲಾವತಿ ಒಬ್ಬಳೇ. ಲೋಟಗಳನ್ನು ನಿಧಾನವಾಗಿ ಟೀಪಾಯಿಯ ಮೇಲಿಟ್ಟು ಬಂದು ಗಂಡನ ಮುಂದೆ ನಿಂತಳು.

"ಸ್ಕೈಕಿಂಗ್ ಅಂದ್ರೆ ನಿಮ್ಮ ಆಫೀಸಿನ ಗಿರಾಕಿ ಕಂಪನಿ ಅಂತ ನಂಗೆ ಹೇಳಿದ್ರಲ್ವೇನ್ರೀ? ಭಾನುವಾರ ಭಾನುವಾರ ಬಾಗ್ಲು ಹಾಕ್ಕೊಂಡು ಅದೇ ಹೆಸ್ರು ಹೇಳ್ಕೊಂಡು, ಮೇಡಂ ಜೀ, ಮೇಡಂ ಜೀ ಅಂತಿದ್ರಿ. ಇವತ್ತೂ ಅಂದ್ರಿ."

ಅಮ್ಮನ ನಗು ಬಾಯಲ್ಲೇ ನಿಂತಿತು. ದೊಡ್ಡಹನುಮಯ್ಯನವರು ಒಂದು ಸಲ ಚಿಕ್ಕ ರೂಮಿಗೆ ಹೋಗುವ ವೈರನ್ನು ನೋಡಿದರು. ಆಮೇಲೆ ಕಣ್ಣು ಎತ್ತಿ ಅಳಿಯನನ್ನು ನೋಡಿದರು, ಅಲ್ಲಿಂದ ತೆಗೆಯಲಿಲ್ಲ.

ಕಿಟ್ಟಿ ಎಲ್ಲರನ್ನೂ ಒಮ್ಮೆ ನೋಡಿ, ತಲೆಯನ್ನು ಮೇಲೆ ಕೆಳಗೆ ಮಾಡಿದ. "ಹೂಂ... ಅದು..."

"ತಲೆ ಆಡಿಸ್ಬೇಡಿ" ಅಂದಳು ಕಲಾವತಿ. "ನಮ್ ರಂಜಿ ಜೊತೆ ಅಲ್ಲಿ ಏನೇನ್ ಮಾತಾಡಿದ್ರೋ ಅದನ್ನೆಲ್ಲ ನಮ್ಮಪ್ಪನ ಮುಂದೆ ತಿರುಗಿ ಹೇಳಿ. ಒಂದಕ್ಷರ ಬಿಡ್ಬೇಡಿ."